ಗೆಳತಿ ಮೊದಲು ನಿಮಗೇ ಹೇಳಿದಾಗ: ಹಾಸನದ ಕಾಲೇಜು ಮಕ್ಕಳಿಗೆ ಒಂದು ಮಾರ್ಗದರ್ಶಿ

ನಾನು ಹಾಸನದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಅಲ್ಲಿನ ಆಂತರಿಕ ದೂರು ಸಮಿತಿಯಲ್ಲೂ ಆರು ವರ್ಷ ಇದ್ದೆ. ಆ ಆರು ವರ್ಷದಲ್ಲಿ ನಮ್ಮ ಮುಂದೆ ಬಂದ ಒಬ್ಬ ಹುಡುಗಿಯೂ ಮೊದಲು ನಮಗೆ ಹೇಳಿದವಳಲ್ಲ. ಒಬ್ಬಳು ರೂಮ್‌ಮೇಟ್‌ಗೆ ಹೇಳಿದ್ದಳು. ಒಬ್ಬಳು ಅರಸೀಕೆರೆ ಬಸ್ಸಿನಲ್ಲಿ ದಿನಾ ಪಕ್ಕ ಕೂರುವ ಗೆಳತಿಗೆ. ಇನ್ನೊಬ್ಬಳು ಮೆಸ್ಸಿನಲ್ಲಿ ಚಪಾತಿ ಲಟ್ಟಿಸುವ ಅಕ್ಕನಿಗೆ. ಸಮಿತಿ, ಪ್ರಿನ್ಸಿಪಾಲರು, ಪೊಲೀಸರು ಎಲ್ಲ ಆಮೇಲೆ.

ಆ ಮೊದಲ ಮಾತು ಯಾರ ಕಿವಿಗೆ ಬಿತ್ತೋ ಅವರು ಏನಂದರು ಅನ್ನುವುದರ ಮೇಲೆ ಎಷ್ಟೋ ನಿಂತಿರುತ್ತದೆ. ಅದಕ್ಕೇ ಇದನ್ನು ಕೇಳಿಸಿಕೊಳ್ಳುವವರಿಗಾಗಿ ಬರೆಯುತ್ತಿದ್ದೇನೆ. ನಿಮಗೇ ಆಗಿದ್ದರೂ ಇದೇ ದಾರಿ, ಓದಿಕೊಳ್ಳಿ. "ಕತ್ತಲಾದ ಮೇಲೆ ಓಡಾಡಬೇಡಿ" ಅನ್ನುವ ಬುದ್ಧಿಮಾತು ಇದರಲ್ಲಿ ಇಲ್ಲ. ಅದನ್ನು ಹೇಳಲು ಮನೆಯಲ್ಲಿ ಬೇಕಾದಷ್ಟು ಜನ ಇದ್ದಾರೆ ಅಲ್ವಾ.

ಹೆಜ್ಜೆ 1: ಏನೂ ಆಗುವ ಮೊದಲೇ ಹತ್ತು ನಿಮಿಷದ ಕೆಲಸ

ಕಾಲೇಜು ಶುರುವಾದ ವಾರದಲ್ಲೇ ಆಂತರಿಕ ದೂರು ಸಮಿತಿಯ ನೋಟಿಸ್ ಎಲ್ಲಿದೆ ಹುಡುಕಿ. ಕೆಲವರು ಐಸಿಸಿ ಅನ್ನುತ್ತಾರೆ, ಕೆಲವರು ಐಸಿ ಅನ್ನುತ್ತಾರೆ, ಎರಡೂ ಒಂದೇ. ನಾನು ಸಮಿತಿಗೆ ಸೇರಿದಾಗ ನಮ್ಮ ನೋಟಿಸ್ ಆಫೀಸಿನ ಬಾಗಿಲ ಹಿಂದೆ ಇತ್ತು. ಬಾಗಿಲು ತೆಗೆದರೆ ಮುಚ್ಚಿಹೋಗುತ್ತಿತ್ತು, ಮುಚ್ಚಿದರೆ ಮಾತ್ರ ಕಾಣುತ್ತಿತ್ತು. ಅದರಲ್ಲಿದ್ದ ಇಬ್ಬರು ವರ್ಗವಾಗಿ ಎರಡು ವರ್ಷ ಆಗಿತ್ತು. ಒಂದು ಫೋನ್ ನಂಬರಿನಲ್ಲಿ ಒಂಬತ್ತೇ ಅಂಕಿ.

ಆದ್ದರಿಂದ ಫೋಟೊ ತೆಗೆದುಕೊಂಡು ಸುಮ್ನೆ ಇಟ್ಟುಕೊಳ್ಳಬೇಡಿ. ಹೆಸರಿನವರು ಈಗಲೂ ಅಲ್ಲೇ ಇದ್ದಾರಾ ವಿಚಾರಿಸಿ. ನೋಟಿಸೇ ಇಲ್ಲದಿದ್ದರೆ ಕ್ಲಾಸಿನ ನಾಲ್ಕೈದು ಜನ ಸಹಿ ಹಾಕಿ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಕೊಡಿ. ಯಾರ ಮೇಲೂ ದೂರಿಲ್ಲದ ಹೊತ್ತಿನಲ್ಲಿ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಈ ಸಮಿತಿ ಯಾರೋ ಕೃಪೆಯಿಂದ ಮಾಡಿದ್ದಲ್ಲ. 1997ರಲ್ಲಿ ಸುಪ್ರೀಂ ಕೋರ್ಟ್ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯಲು ವಿಶಾಖಾ ತೀರ್ಪು ಕೊಟ್ಟಿತು. 2013ರಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ವಿರುದ್ಧ ಕಾಯ್ದೆ ಬಂತು. ಆಮೇಲೆ ಕಾಲೇಜು, ವಿಶ್ವವಿದ್ಯಾಲಯಗಳಿಗೆಂದೇ ಯುಜಿಸಿ 2015ರ ನಿಯಮ ಮಾಡಿತು. ಹೇಮಗಂಗೋತ್ರಿ ಮೈಸೂರು ವಿಶ್ವವಿದ್ಯಾಲಯದ ಪಿಜಿ ಸೆಂಟರ್ ಆಗಿದ್ದದ್ದು 2023ರಲ್ಲಿ ಬೇರೆ ವಿಶ್ವವಿದ್ಯಾಲಯವೇ ಆಯಿತು. ಅಲ್ಲಿರಲಿ, ಎಂಜಿನಿಯರಿಂಗ್ ಕಾಲೇಜಿನಲ್ಲಿರಲಿ, ಮೆಡಿಕಲ್ಲಿನಲ್ಲಿರಲಿ, ತಾಲೂಕಿನ ಸರ್ಕಾರಿ ಪದವಿ ಕಾಲೇಜಿನಲ್ಲಿರಲಿ, ಸಮಿತಿ ಇರಲೇಬೇಕು. ಹಿರಿಯ ಮಹಿಳೆಯೊಬ್ಬರು ಅಧ್ಯಕ್ಷರು. ಕನಿಷ್ಠ ಅರ್ಧದಷ್ಟು ಹೆಂಗಸರು. ಹೊರಗಿನವರು ಒಬ್ಬರು. ವಿದ್ಯಾರ್ಥಿಗಳ ವಿಷಯ ಬಂದರೆ ಮೂವರು ವಿದ್ಯಾರ್ಥಿಗಳೂ ಕೂರುತ್ತಾರೆ. ಕುಲಪತಿ, ರಿಜಿಸ್ಟ್ರಾರ್, ಡೀನ್, ಎಚ್‌ಒಡಿ ಸದಸ್ಯರಾಗುವಂತಿಲ್ಲ. ಈ ಕೊನೆಯ ಮಾತು ನೆನಪಿರಲಿ, ನಮ್ಮ ಕಡೆ ಇದೇ ಜಾಸ್ತಿ ತಪ್ಪುವುದು.

ಇನ್ನೊಂದು. ಕ್ಯಾಂಪಸ್ ಅಂದರೆ ಕಾಂಪೌಂಡ್ ಒಳಗೆ ಮಾತ್ರ ಅಲ್ಲ. ಕಾಲೇಜಿನ ಬಸ್ಸು, ಬೇಲೂರು-ಹಳೇಬೀಡು ಪ್ರವಾಸ, ಸಕಲೇಶಪುರದ ಎಸ್ಟೇಟಿನ ಫೀಲ್ಡ್ ವರ್ಕ್, ಬೆಂಗಳೂರಿನ ಇಂಟರ್ನ್‌ಶಿಪ್ ಎಲ್ಲವೂ ಸೇರುತ್ತವೆ.

ಹೆಜ್ಜೆ 2: ಅವಳು ಹೇಳುವಾಗ

ಇಲ್ಲಿ ಸ್ವಲ್ಪ ನಿಧಾನಿಸೋಣ.

ಸಾಮಾನ್ಯವಾಗಿ ಅದು ರಾತ್ರಿ ಲೈಟ್ ಆರಿಸಿದ ಮೇಲೆ ಶುರುವಾಗುತ್ತದೆ. "ಏನೋ ಹೇಳ್ಬೇಕು ಕಣೇ, ಯಾರಿಗೂ ಹೇಳ್ಬೇಡ." ಅರ್ಧ ಹೇಳಿ, "ಬಿಡು, ಏನಿಲ್ಲ" ಅನ್ನುತ್ತಾಳೆ. ಕೆಲವರು ನಗುನಗುತ್ತಾ ಹೇಳುತ್ತಾರೆ. ಅತ್ತರೆ ಮಾತ್ರ ನಿಜ ಅಂತ ಅಂದುಕೊಳ್ಳಬೇಡಿ. ದಿನ, ಹೊತ್ತು ಹಿಂದೆಮುಂದೆ ಆಗಬಹುದು. ಹೆದರಿದವರಿಗೆ ಹಾಗೆ ಆಗುತ್ತದೆ, ಅದು ಸುಳ್ಳಿನ ಗುರುತಲ್ಲ. "ಕೂಗಬೇಕಿತ್ತು, ಓಡಬೇಕಿತ್ತು" ಅನ್ನುವವರಿಗೆ ಒಂದು ಮಾತು. ಎಷ್ಟೋ ಜನಕ್ಕೆ ಆ ಕ್ಷಣದಲ್ಲಿ ಕೈಕಾಲೇ ಆಡುವುದಿಲ್ಲ.

ಆ ಹೊತ್ತಿನಲ್ಲಿ ಹೇಳಬೇಕಾದ್ದು ಇಷ್ಟೇ: "ನಾನು ನಂಬ್ತೀನಿ. ಇದು ನಿನ್ನ ತಪ್ಪಲ್ಲ. ಈಗ ಏನು ಮಾಡೋಣ ಹೇಳು, ನಾನು ಜೊತೆಗಿರ್ತೀನಿ." ಕೇಳಬೇಕಾದ್ದು ಮೂರೇ. ಅವನು ಈಗ ಹತ್ತಿರದಲ್ಲೆಲ್ಲಾದರೂ ಇದ್ದಾನಾ? ಮೈಗೆ ಏನಾದರೂ ಪೆಟ್ಟಾಗಿದೆಯಾ? ಯಾರನ್ನು ಕರೆಯಲಿ?

ಕೇಳಬಾರದ್ದು ಬಾಯಿಗೆ ತಾನಾಗಿ ಬರುತ್ತದೆ. "ಅಷ್ಟೊತ್ತಲ್ಲಿ ಲ್ಯಾಬಿಗೆ ಯಾಕೆ ಹೋದೆ?" "ನೀನೂ ಅವನ ಜೊತೆ ಮಾತಾಡ್ತಿದ್ದೆ ತಾನೆ?" ನಾಲಿಗೆ ಕಚ್ಚಿಕೊಳ್ಳಿ. ಆಮೇಲೆ ಪೂರ್ತಿ ಕಥೆಯನ್ನು ಅವಳು ಡಾಕ್ಟರಿಗೆ, ಪೊಲೀಸರಿಗೆ, ಸಮಿತಿಗೆ ಹೇಳಬೇಕಾಗುತ್ತದೆ. ನಿಮ್ಮ ಕುತೂಹಲಕ್ಕೂ ಒಮ್ಮೆ ಹೇಳಿಸಬೇಡಿ.

ಅವಳನ್ನು ಕೇಳದೆ ಮನೆಗೆ ಫೋನ್ ಮಾಡಬೇಡಿ. ಇದನ್ನು ಗಟ್ಟಿಯಾಗಿ ಹೇಳುವುದಕ್ಕೆ ಕಾರಣ ಇದೆ. ಒಂದು ಸಲ ಒಳ್ಳೆಯ ಮನಸ್ಸಿನ ರೂಮ್‌ಮೇಟ್ ಒಬ್ಬಳು ರಾತ್ರಿಯೇ ಹುಡುಗಿಯ ಮನೆಗೆ ತಿಳಿಸಿಬಿಟ್ಟಳು. ಬೆಳಗ್ಗೆ ಆರಕ್ಕೆ ಹಾಸ್ಟೆಲ್ ಮುಂದೆ ಜೀಪ್ ನಿಂತಿತ್ತು. ಅಪ್ಪ ಒಂದು ಮಾತೂ ಆಡಲಿಲ್ಲ. ಟ್ರಂಕು, ಹಾಸಿಗೆ, ಬಕೆಟ್ಟು ಎಲ್ಲ ಹೇರಿಕೊಂಡು ಮಗಳನ್ನು ಕರೆದುಕೊಂಡು ಹೋದರು. ಆ ಹುಡುಗಿ ಬಿಎಸ್ಸಿ ಮುಗಿಸಲಿಲ್ಲ. ಕಿರುಕುಳ ಕೊಟ್ಟ ಸೀನಿಯರ್ ಮಾತ್ರ ಆ ವರ್ಷ ಪಾಸಾದ. ನಮ್ಮ ಸಮಿತಿಗೆ ವಿಷಯ ಮುಟ್ಟುವ ಹೊತ್ತಿಗೆ ಹೇಳಿಕೆ ಕೊಡಲು ಅವಳೇ ಇರಲಿಲ್ಲ. ಅಪ್ಪ ಅಮ್ಮನಿಗೆ ಹೇಳಲೇಬಾರದು ಅಂತಲ್ಲ. ಯಾವಾಗ, ಯಾರ ಬಾಯಿಂದ ಅನ್ನುವುದನ್ನು ಅವಳೇ ತೀರ್ಮಾನಿಸಲಿ.

ಇದಕ್ಕೆ ಒಂದೇ ಹೊರತು, ವಯಸ್ಸು. ಹದಿನೆಂಟು ತುಂಬದವರ ಮೇಲೆ ಆಗಿದ್ದರೆ ಅದು 2012ರ ಪೋಕ್ಸೊ ಕಾಯ್ದೆಗೆ ಬರುತ್ತದೆ. ಪಿಯು ಮಕ್ಕಳು, ಮೊದಲ ವರ್ಷದ ಕೆಲವರೂ ಇದರಲ್ಲಿ ಸೇರುತ್ತಾರೆ. ಅಲ್ಲಿ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

ಹೆಜ್ಜೆ 3: ಮೈಮೇಲೆ ಕೈ ಹಾಕಿದ್ದರೆ ಮೊದಲು ಆಸ್ಪತ್ರೆ

ಅಪಾಯ ಈಗಲೂ ಇದೆ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ. ಮಹಿಳೆಯರ ಸಹಾಯವಾಣಿ 181, ಹಗಲು ರಾತ್ರಿ ಇರುತ್ತದೆ.

ಅತ್ಯಾಚಾರ ಆಗಿದ್ದರೆ ಸ್ಟೇಷನ್ನಿಗಿಂತ ಮೊದಲು ಆಸ್ಪತ್ರೆಗೆ ಹೋಗಬಹುದು. ಎಫ್‌ಐಆರ್ ತನ್ನಿ ಆಮೇಲೆ ನೋಡುತ್ತೇವೆ ಅನ್ನುವಂತಿಲ್ಲ. ಸರ್ಕಾರಿ ಆಗಲಿ ಖಾಸಗಿ ಆಗಲಿ, ಯಾವ ಆಸ್ಪತ್ರೆಯೂ ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಬೇಕು. ಕೊಡದಿದ್ದರೆ ಅದೇ ಒಂದು ಅಪರಾಧ. ಹಾಸನದಲ್ಲಿ ಹಿಮ್ಸ್ ಇದೆ, ಅಂದರೆ ನಮ್ಮ ಬಾಯಲ್ಲಿ ದೊಡ್ಡಾಸ್ಪತ್ರೆ. ಅಲ್ಲಿನ ತುರ್ತು ವಿಭಾಗಕ್ಕೇ ನೇರ ಹೋಗಿ. ಓಪಿಡಿ ಚೀಟಿಯ ಸಾಲಿನಲ್ಲಿ ಎಲ್ಲರೆದುರು ಏನಾಯ್ತು ಅಂತ ಹೇಳುವ ಅಗತ್ಯವಿಲ್ಲ. "ಮಹಿಳಾ ಡಾಕ್ಟರ್ ಬೇಕು, ಬೇರೆ ಕೋಣೆಯಲ್ಲಿ ಮಾತಾಡಬೇಕು" ಅಂದರೆ ಸಾಕು. ಇದನ್ನು ನೀವೇ ಹೇಳಿ, ಅವಳಿಂದ ಹೇಳಿಸಬೇಡಿ.

ಹೊತ್ತಿನ ಲೆಕ್ಕ ಇಲ್ಲಿ ಮುಖ್ಯ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. 28 ದಿನ ನುಂಗಬೇಕು. ಗರ್ಭ ನಿಲ್ಲದಂತೆ ಕೊಡುವ ತುರ್ತು ಮಾತ್ರೆಯೂ ಮೊದಲ ಮೂರು ದಿನದಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಸಾಕ್ಷ್ಯಕ್ಕೆ ಬೇಕಾದ ಮಾದರಿಗಳನ್ನು ಸುಮಾರು ನಾಲ್ಕು ದಿನದವರೆಗೆ ತೆಗೆಯಬಹುದು.

ಸಾಧ್ಯವಾದರೆ ಆಸ್ಪತ್ರೆಗೆ ಮೊದಲು ಸ್ನಾನ ಮಾಡದಿರಲಿ, ಬಟ್ಟೆ ಒಗೆಯದಿರಲಿ. ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಬೇಡಿ, ಬೆವತು ಹಾಳಾಗುತ್ತದೆ. ಹಳೆಯ ಪೇಪರಿನಲ್ಲಿ ಒಂದೊಂದನ್ನೂ ಬೇರೆ ಬೇರೆ ಸುತ್ತಿ. ಬದಲಿಸಲು ಒಂದು ಜೊತೆ ಬಟ್ಟೆ ತೆಗೆದುಕೊಂಡು ಹೋಗಿ, ಹಾಕಿಕೊಂಡದ್ದನ್ನು ಅಲ್ಲಿ ಇಟ್ಟುಕೊಳ್ಳುತ್ತಾರೆ. ಸ್ನಾನ ಆಗಿಹೋಗಿದೆಯಾ? ಆಗಲಿ, ಆದರೂ ಹೋಗಿ. "ಸ್ನಾನ ಮಾಡಿಬಿಟ್ಟೆ, ಇನ್ನೇನು ಪ್ರಯೋಜನ" ಅಂತ ಮನೆಯಲ್ಲೇ ಉಳಿದವರನ್ನು ನೋಡಿದ್ದೇನೆ. ಔಷಧಕ್ಕೂ ಸ್ನಾನಕ್ಕೂ ಸಂಬಂಧವೇ ಇಲ್ಲ.

ಪರೀಕ್ಷೆಗೆ ಅವಳ ಒಪ್ಪಿಗೆ ಬೇಕು. ಒಂದಕ್ಕೆ ಒಪ್ಪಿ ಇನ್ನೊಂದಕ್ಕೆ ಬೇಡ ಅನ್ನಬಹುದು. "ಎರಡು ಬೆರಳಿನ ಪರೀಕ್ಷೆ"ಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ತಪ್ಪು ಎಂದಿತು. 2022ರಲ್ಲಿ ಅದನ್ನು ಮಾಡಿದವರೇ ತಪ್ಪಿತಸ್ಥರು ಎಂದಿತು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕು ಅನ್ನುವುದು ಕಾನೂನು. ಆದರೆ ಅವಳು ದೂರು ಬೇಡ ಅಂದಳೆಂದು ಚಿಕಿತ್ಸೆ ನಿಲ್ಲಿಸುವಂತಿಲ್ಲ.

ಹೆಜ್ಜೆ 4: ಸ್ಟೇಷನ್

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಹಳೆಯ 354, 376 ಬಾಯಿಪಾಠ ಇದ್ದವರು ಹೊಸ ಅಂಕಿ ಕಲಿಯಬೇಕು. ಅತ್ಯಾಚಾರ 63, 64. ಮಾನಭಂಗದ ಉದ್ದೇಶದಿಂದ ಮೈಮುಟ್ಟುವುದು 74. ಲೈಂಗಿಕ ಕಿರುಕುಳ 75. ಕದ್ದು ನೋಡುವುದು, ವಿಡಿಯೊ ಮಾಡುವುದು 77. ಬೇಡ ಅಂದರೂ ಹಿಂದೆ ಬೀಳುವುದು 78. ನೀವು ಕಲಂ ಹೇಳಬೇಕಾಗಿಲ್ಲ, ಆದದ್ದನ್ನು ಹೇಳಿದರೆ ಅವರೇ ಹಾಕುತ್ತಾರೆ. ಹಾಕಿದ್ದು ಸರಿ ಇದೆಯಾ ನೋಡಲು ಈ ಅಂಕಿಗಳು ಬೇಕು.

"ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಅಂದರೆ ಝೀರೊ ಎಫ್‌ಐಆರ್ ಮಾಡಿ ಅನ್ನಿ. ಇಂಟರ್ನ್‌ಶಿಪ್‌ಗೆ ಹೋದಾಗ ಬೆಂಗಳೂರಿನಲ್ಲಿ ಆಗಿದ್ದರೂ ಹಾಸನದಲ್ಲಿ ದಾಖಲಿಸಿ ಅಲ್ಲಿಗೆ ಕಳಿಸಬಹುದು. ಇಂಥ ದೂರಿನ ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ, ಅದನ್ನು ತೆಗೆದುಕೊಳ್ಳದೆ ಬರಬೇಡಿ. ಅತ್ಯಾಚಾರದಂಥ ದೂರನ್ನು ದಾಖಲಿಸದ ಅಧಿಕಾರಿಗೆ 199ನೇ ಕಲಂ ಪ್ರಕಾರ ಆರು ತಿಂಗಳಿಂದ ಎರಡು ವರ್ಷ ಕಠಿಣ ಸಜೆ ಇದೆ. ಹಾಗೂ ತೆಗೆದುಕೊಳ್ಳದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಬರೆದು ಕಳಿಸಿ.

ಲಾಯರ್ ಫೀಸಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಇಲ್ಲ 15100ಕ್ಕೆ ಫೋನ್ ಮಾಡಿ. ಪರಿಹಾರದ ಅರ್ಜಿಯೂ ಅಲ್ಲೇ. ಆಸ್ಪತ್ರೆ, ಪೊಲೀಸ್, ವಕೀಲರು, ಆಪ್ತ ಸಮಾಲೋಚನೆ ಒಂದೇ ಕಡೆ ಸಿಗಲಿ ಅಂತ ಸಖಿ ಕೇಂದ್ರಗಳಿವೆ. 181ರವರು ದಾರಿ ಹೇಳುತ್ತಾರೆ.

ಹೆಜ್ಜೆ 5: ಸಮಿತಿಗೆ ದೂರು ಬರೆಯುವುದು

ಪೊಲೀಸ್ ದೂರು ಕೊಟ್ಟರೆ ಸಮಿತಿಗೆ ಕೊಡುವಂತಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ಎರಡೂ ಜೊತೆಜೊತೆಗೆ ನಡೆಯುತ್ತವೆ. ಪೊಲೀಸರ ಹತ್ತಿರ ಹೋಗುವಷ್ಟಿಲ್ಲ ಅನ್ನಿಸುವ ಎಷ್ಟೋ ವಿಷಯ ಸಮಿತಿಗೆ ಬರಬಹುದು. ಗೈಡ್ ರಾತ್ರಿ ಹನ್ನೊಂದಕ್ಕೆ ಕಳಿಸುವ ಮೆಸೇಜು, ಇಂಟರ್ನಲ್ಸ್ ಮಾರ್ಕ್ಸ್ ಹಿಡಿದು ಆಡಿಸುವುದು, ಕಾರಿಡಾರಿನಲ್ಲಿ ಮೈಗೆ ತಾಗಿಕೊಂಡೇ ಹೋಗುವ ಕ್ಲಾಸ್‌ಮೇಟ್.

ಘಟನೆ ಆದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಹಲವು ಸಲ ಆಗಿದ್ದರೆ ಕೊನೆಯದರಿಂದ ಎಣಿಸಿ. ತಡವಾದರೆ ಕಾರಣ ಬರೆಯಿರಿ, ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಆಗದಿದ್ದರೆ ಸಮಿತಿಯವರೇ ನೆರವು ಕೊಡಬೇಕು. ಅವಳು ಕೊಡುವ ಸ್ಥಿತಿಯಲ್ಲೇ ಇಲ್ಲದಿದ್ದರೆ ಗೆಳತಿ, ಸಹಪಾಠಿ, ಮನೆಯವರು ಕೊಡಬಹುದು.

ಹೇಗೆ ಬರೆಯಬೇಕು? ನಮಗೆ ಬಂದ ಮೊದಲ ದೂರು ಲ್ಯಾಬ್ ರೆಕಾರ್ಡಿನಿಂದ ಹರಿದ ಹಾಳೆಯಲ್ಲಿತ್ತು. ಒಂದು ಮಗ್ಗುಲು ಗ್ರಾಫ್, ಇನ್ನೊಂದು ಮಗ್ಗುಲು ಮೂರೇ ಸಾಲು: "ಸರ್ ನನ್ನ ಜೊತೆ ಸರಿಯಾಗಿ ನಡೆದುಕೊಳ್ಳುತ್ತಿಲ್ಲ. ನನಗೆ ತುಂಬಾ ಹಿಂಸೆ ಆಗುತ್ತಿದೆ. ದಯವಿಟ್ಟು ಕ್ರಮ ಕೈಗೊಳ್ಳಿ." ಇದರಿಂದ ವಿಚಾರಣೆ ಮಾಡುವುದು ಹೇಗೆ? ಎದುರಿಗೆ ಕೂತು, ಟೀ ತರಿಸಿ, ನೆನಪಾದಂತೆ ಬರೆಸಿದೆವು. ಕೊನೆಗೆ ಅದು ಸುಮಾರು ಹೀಗಾಯಿತು: "ಮಂಗಳವಾರ ಮಧ್ಯಾಹ್ನ ಸುಮಾರು ಮೂರೂವರೆ. ಪ್ರಾಜೆಕ್ಟ್ ಫೈಲ್ ತೋರಿಸಲು ಸ್ಟಾಫ್ ರೂಮಿಗೆ ಹೋದೆ. ಬಾಗಿಲು ಹಾಕು ಅಂದರು. ಫೈಲ್ ತೆಗೆದುಕೊಳ್ಳುವಾಗ ನನ್ನ ಕೈ ಹಿಡಿದುಕೊಂಡರು. ಬಿಡಿಸಿಕೊಂಡೆ. 'ಇಷ್ಟಕ್ಕೆಲ್ಲ ಹೆದರಿದರೆ ಮಾರ್ಕ್ಸ್ ಹೇಗೆ ಬರುತ್ತೆ' ಅಂದರು. ಹೊರಗೆ ಬಂದಾಗ ಅಟೆಂಡರ್ ಮೆಟ್ಟಿಲ ಹತ್ತಿರ ಇದ್ದರು. ಅಂದೇ ಸಂಜೆ ರೂಮ್‌ಮೇಟ್‌ಗೆ ಹೇಳಿದೆ."

ನೋಡಿ, ಇದರಲ್ಲಿ ದಿನ ಇದೆ, ಹೊತ್ತಿದೆ, ಜಾಗ ಇದೆ. ಆಡಿದ ಮಾತು ಆಡಿದ ಹಾಗೇ ಇದೆ. ಕಂಡವರಿದ್ದಾರೆ, ಕೇಳಿದವರೂ ಇದ್ದಾರೆ. ಆ ಕೊನೆಯ ಸಾಲಿನ ರೂಮ್‌ಮೇಟ್ ಅಂದರೆ ನೀವೇ. ಅದಕ್ಕೇ ಅವಳು ಹೇಳಿದ ರಾತ್ರಿಯೇ ನಿಮ್ಮ ನೋಟ್‌ಬುಕ್ಕಿನಲ್ಲಿ ತಾರೀಖು, ಹೊತ್ತು, ಅವಳು ಅಂದ ಮಾತು ಬರೆದಿಡಿ. ಸೇರಿಸಬೇಡಿ, ಸುಂದರ ಮಾಡಬೇಡಿ. ನೆನಪಿಲ್ಲದ್ದನ್ನು "ನೆನಪಿಲ್ಲ" ಅಂತಲೇ ಬರೆಯಿರಿ.

ದೂರಿನ ಆರು ಪ್ರತಿ ಬೇಕಾಗುತ್ತದೆ. ಇನ್ನೊಂದು ನಿಮಗಿರಲಿ, ಅದರ ಮೇಲೆ ಸ್ವೀಕೃತಿಯ ಸಹಿ, ತಾರೀಖು ಹಾಕಿಸಿಕೊಳ್ಳಿ. ಜೆರಾಕ್ಸನ್ನು ಕಾಲೇಜಿನ ಎದುರಿನ ಅಂಗಡಿಯಲ್ಲಿ ಮಾಡಿಸಬೇಡಿ. ಅಲ್ಲಿ ಎಲ್ಲರೂ ಎಲ್ಲರ ಅಸೈನ್‌ಮೆಂಟ್ ಓದುತ್ತಾರೆ. ಬಸ್ ಸ್ಟ್ಯಾಂಡ್ ಕಡೆ ಹೋಗಿ.

ದೂರು ಕೊಟ್ಟ ದಿನವೇ ಮಧ್ಯಂತರ ಪರಿಹಾರವನ್ನೂ ಬರೆದು ಕೇಳಿ. ಇದನ್ನು ಬಹಳ ಜನ ಕೇಳುವುದೇ ಇಲ್ಲ. ಗೈಡ್ ಬದಲಿಸಬಹುದು. ಆ ಅಧ್ಯಾಪಕರು ಇವಳ ಪೇಪರ್ ತಿದ್ದದಂತೆ ಮಾಡಬಹುದು. ಅವನನ್ನು ದೂರ ಇರು ಅಂತ ಲಿಖಿತವಾಗಿ ಎಚ್ಚರಿಸಬಹುದು. ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಬಹುದು.

ಏಳು ದಿನದೊಳಗೆ ದೂರಿನ ಪ್ರತಿ ಎದುರಿನವರಿಗೆ ಹೋಗುತ್ತದೆ. ಉತ್ತರಕ್ಕೆ ಅವರಿಗೆ ಹತ್ತು ದಿನ. ಅಂದರೆ ಆ ವಾರದಿಂದ ಒತ್ತಡ ಶುರು. ಗೆಳೆಯರನ್ನು ಕಳಿಸುತ್ತಾರೆ, ದೂರದ ನೆಂಟರು ಹುಟ್ಟಿಕೊಳ್ಳುತ್ತಾರೆ. "ಹೋಗ್ಲಿ ಬಿಡಮ್ಮ, ಅವರಿಗೂ ಹೆಂಡ್ತಿ ಮಕ್ಕಳಿದ್ದಾರೆ" ಅನ್ನುವ ಮಾತು ನಮ್ಮ ಸಮಿತಿಯ ಕೋಣೆಯೊಳಗೇ ಕೇಳಿದ್ದೇನೆ, ಅದೂ ಒಬ್ಬ ಸದಸ್ಯರ ಬಾಯಿಂದ. ರಾಜಿ ಆಗಬೇಕೆಂದರೆ ಅವಳೇ ಕೇಳಬೇಕು. ಅದರಲ್ಲಿ ದುಡ್ಡಿನ ಮಾತು ಬರುವಂತಿಲ್ಲ.

"ಸಾಬೀತಾಗದಿದ್ದರೆ ನಿನ್ನ ಮೇಲೇ ಕೇಸ್" ಅಂತಲೂ ಹೆದರಿಸುತ್ತಾರೆ. ಸಾಕ್ಷಿ ಸಾಲದೆ ಹೋಗುವುದು ಬೇರೆ, ಬೇಕೆಂದೇ ಸುಳ್ಳು ಹೇಳುವುದು ಬೇರೆ. ಸಾಬೀತು ಮಾಡಲು ಆಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅವಳ ಮೇಲೆ ಕ್ರಮ ಇಲ್ಲ ಅಂತ ಕಾಯ್ದೆಯೇ ಹೇಳುತ್ತದೆ.

ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ತೀರ್ಮಾನ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಮೇಲ್ಮನವಿ. ಸಮಿತಿಯೇ ಇಲ್ಲದಿದ್ದರೆ, ಇಲ್ಲವೇ ದೂರು ಸಂಸ್ಥೆಯ ಮುಖ್ಯಸ್ಥರ ಮೇಲೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಇದೆ.

ಹೆಜ್ಜೆ 6: ಫೋನಿನಲ್ಲಿ ಬಂದದ್ದು

ಬ್ಲಾಕ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ. ನಂಬರ್, ತಾರೀಖು, ಹೊತ್ತು ಕಾಣಬೇಕು. ಇನ್‌ಸ್ಟಾಗ್ರಾಮ್ ಆದರೆ ಪ್ರೊಫೈಲಿನ ಲಿಂಕ್ ಕೂಡ ಉಳಿಸಿ. "ಫೋಟೊ ಎಲ್ಲರಿಗೂ ಕಳಿಸ್ತೀನಿ" ಅಂತ ಹೆದರಿಸುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಕೊಟ್ಟರೆ ನಾಳೆ ಮತ್ತೆ ಕೇಳುತ್ತಾನೆ. ಸರ್ಕಾರದ ಸೈಬರ್ ಕ್ರೈಮ್ ಪೋರ್ಟಲ್ ಇದೆ, 1930 ನಂಬರ್ ಇದೆ.

ನಮ್ಮ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಚುನಾವಣೆಯ ಹೊತ್ತಿಗೆ, ಹೆಂಗಸರ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊ ತುಂಬಿದ ಪೆನ್‌ಡ್ರೈವ್‌ಗಳು ಊರೂರು ತಿರುಗಿದವು. ಮುಖ ಮುಚ್ಚದ ವಿಡಿಯೊಗಳು. ಎಷ್ಟು ಜನ "ನನಗೂ ಕಳ್ಸು" ಅಂದರು ನೆನಪಿದೆಯಾ? ಹುಡುಗರೇ, ನಿಮಗೆ ಹೇಳುತ್ತಿದ್ದೇನೆ. ಅಂಥದ್ದನ್ನು ಗ್ರೂಪಿಗೆ ಫಾರ್ವರ್ಡ್ ಮಾಡುವುದೂ ಅಪರಾಧ. ಐಟಿ ಕಾಯ್ದೆಯ 66ಇ, 67ಎ ಇದಕ್ಕೇ ಇವೆ. ಅತ್ಯಾಚಾರಕ್ಕೆ ಒಳಗಾದವರ ಹೆಸರು, ಗುರುತು ಬಯಲು ಮಾಡಿದರೆ ನ್ಯಾಯ ಸಂಹಿತೆಯ 72ರಲ್ಲಿ ಎರಡು ವರ್ಷದವರೆಗೆ ಸಜೆ. ಕ್ಲಾಸ್ ಗ್ರೂಪಿನಲ್ಲಿ "ಯಾರು ಗೊತ್ತಾಯ್ತಾ?" ಅಂತ ಸುಳಿವು ಕೊಡುವುದೂ ಇದಕ್ಕೆ ಸೇರುತ್ತದೆ.

ಇಷ್ಟು ಹೊತ್ತು "ಅವಳು" ಅಂದೆ. ಹುಡುಗರಿಗೂ ಆಗುತ್ತದೆ, ರ‍್ಯಾಗಿಂಗ್ ಹೆಸರಿನಲ್ಲಿ ಬಟ್ಟೆ ಬಿಚ್ಚಿಸುವುದೂ ಇದೇ. ವಯಸ್ಕ ಗಂಡಸಿನ ಮೇಲಿನ ಅತ್ಯಾಚಾರಕ್ಕೆ ಹೊಸ ನ್ಯಾಯ ಸಂಹಿತೆಯಲ್ಲಿ ಬೇರೆ ಕಲಮೇ ಇಲ್ಲ, ಅದು ದೊಡ್ಡ ಕೊರತೆ. ಆದರೆ ಯುಜಿಸಿ ನಿಯಮ ಎಲ್ಲ ವಿದ್ಯಾರ್ಥಿಗಳಿಗೂ ಅನ್ವಯ, ಹುಡುಗರೂ, ಲಿಂಗತ್ವ ಅಲ್ಪಸಂಖ್ಯಾತರೂ ಸಮಿತಿಗೆ ಬರಬಹುದು. ರ‍್ಯಾಗಿಂಗ್‌ಗೆ 1800-180-5522, ಇಡೀ ದಿನ ಇರುತ್ತದೆ.

ಬಸ್ಸು, ಕತ್ತಲೆ, ಕಂಬದ ನಂಬರ್

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಳ್ಳಿಯಿಂದ ದಿನಾ ಓಡಾಡಿ ಓದುವ ಹುಡುಗಿಯರಿಗೆ ಅನುಕೂಲವಾಯಿತು. ರಶ್ಶಿನಲ್ಲಿ ಕೈಯಾಡಿಸುವವರಿಗೂ ಆಯಿತು ಅನ್ನಿ. ಪಕ್ಕದಲ್ಲಿ ಅಂಥದ್ದು ಕಂಡರೆ ಅವನ ಜೊತೆ ಜಗಳಕ್ಕೆ ಹೋಗಬೇಕಂತಿಲ್ಲ. ಹುಡುಗಿಯನ್ನು ಮಾತಾಡಿಸಿ, "ಬಾ ಇಲ್ಲಿ, ನನ್ನ ಸೀಟಲ್ಲಿ ಕೂತ್ಕೋ" ಅನ್ನಿ. ಆಮೇಲೆ ಕಂಡಕ್ಟರಿಗೆ ಗಟ್ಟಿಯಾಗಿ ಹೇಳಿ.

ಹಾಸ್ಟೆಲಿನ ದಾರಿ ಕತ್ತಲೆ ಅಂದರೆ ಗೇಟು ಏಳಕ್ಕೇ ಹಾಕುವುದು ನಮ್ಮವರ ಮೊದಲ ಉಪಾಯ. ನಮ್ಮ ಹುಡುಗಿಯರು ಒಂದು ಸಂಜೆ ಬೇರೆ ಕೆಲಸ ಮಾಡಿದರು. ಗುಂಪಾಗಿ ನಡೆದು, ದೀಪ ಉರಿಯದ ಒಂದೊಂದು ಕಂಬದ ಮೇಲಿನ ನಂಬರನ್ನೂ ಬರೆದುಕೊಂಡು ಬಂದರು. ಹನ್ನೊಂದು ಕಂಬ. "ರಸ್ತೆ ಕತ್ತಲಿದೆ" ಅನ್ನುವ ಅರ್ಜಿ ನಾಲ್ಕು ಸಲ ಹೋಗಿತ್ತು, ಏನೂ ಆಗಿರಲಿಲ್ಲ. ನಂಬರ್ ಬರೆದ ಅರ್ಜಿಗೆ ಹದಿನೈದು ದಿನದಲ್ಲಿ ಲೈನ್‌ಮ್ಯಾನ್ ಏಣಿ ತಂದ.

ಆಮೇಲಿನ ತಿಂಗಳುಗಳು

ಮೊದಲ ವಾರ ಎಲ್ಲರೂ ಇರುತ್ತಾರೆ. ಎರಡನೇ ತಿಂಗಳು ಯಾರೂ ಇರುವುದಿಲ್ಲ. ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅಂದರೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ನಿಮಗೂ ಭಾರ ಅನ್ನಿಸಿದರೆ ನೀವೂ ಮಾಡಬಹುದು. ಅವಳ ನೋಟ್ಸ್ ಬರೆದಿಡಿ. ಮೆಸ್ಸಿಗೆ ಹೋಗುವಾಗ ಕರೆಯಿರಿ. ದಿನಾ ಅದೇ ವಿಷಯ ತೆಗೆಯಬೇಡಿ, ಅವಳೇ ತೆಗೆದರೆ ಕೇಳಿ.

ಹಿಯರಿಂಗ್ ದಿನ ಜೊತೆಗೆ ಬನ್ನಿ. ಒಳಗೆ ಬಿಡದೆ ಇರಬಹುದು, ಪರವಾಗಿಲ್ಲ. ನಮ್ಮ ಕೋಣೆಯ ಹೊರಗೆ ಒಂದು ಮರದ ಬೆಂಚು ಇದೆ. ಗಂಟೆಗಟ್ಟಲೆ ಅಲ್ಲಿ ಕೂತು ರೆಕಾರ್ಡ್ ಬರೆದ ಗೆಳತಿಯರನ್ನು ನೋಡಿದ್ದೇನೆ. ಬಾಗಿಲು ತೆಗೆದಾಗೆಲ್ಲ ಒಳಗಿದ್ದವಳು ಮೊದಲು ನೋಡುತ್ತಿದ್ದದ್ದು ಆ ಬೆಂಚಿನ ಕಡೆಗೆ. ನೀರಿನ ಬಾಟಲಿ ತನ್ನಿ, ಒಳಗೆ ನೀರು ಇಟ್ಟಿರುವುದಿಲ್ಲ. ಬೆಂಚಿನ ಒಂದು ಕಾಲು ಅಲುಗಾಡುತ್ತದೆ, ಗೋಡೆ ಕಡೆಗೆ ಕೂತುಕೊಳ್ಳಿ.